ಪ್ರತಿ ಕೈಯಲ್ಲೇ ಹಿಡಿದು ನಾಟಕ

ಅಮೆರಿಕದ ರಂಗಭೂಮಿಯಲ್ಲಿ 'ಸ್ಟೇಜ್ಡ್ ರೀಡಿಂಗ್' ಎಂಬುದೊಂದುಂಟು. ನಟರು ಪ್ರತಿಯನ್ನು ಕೈಯಲ್ಲೇ ಹಿಡಿದು ಹೊಸ ನಾಟಕವನ್ನು ಓದಿ ಅಭಿನಯಿಸುತ್ತಾರೆ. ಭಾರೀ ರಂಗಸಜ್ಜಿಕೆಯ ಗೊಡವೆಯಿಲ್ಲ. ಸಭಿಕರು ಎಲ್ಲಿ ನಕ್ಕರು, ಎಲ್ಲಿ ಆಕಳಿಸಿದರು ಎಂದು ಬರೆದವರು ಗಮನಿಸಿ ತಿದ್ದುತ್ತಾರೆ. ಕನೆಕ್ಟಿಕಟ್‌ನ ಯುಜೀನ್ ಓನೀಲ್ ಥಿಯೇಟರ್ ಸೆಂಟರ್ ಇದಕ್ಕೇ ಹೆಸರಾದದ್ದು. ಆಗಸ್ಟ್ ವಿಲ್ಸನ್ನರ ಹಿಂದಿನ ನಾಟಕಗಳನ್ನು ಅದು ತಿರಸ್ಕರಿಸಿತ್ತು. 1982ರಲ್ಲಿ ಅವರ 'ಮಾ ರೇನೀಸ್ ಬ್ಲ್ಯಾಕ್ ಬಾಟಮ್' ಅಲ್ಲಿ ವಾಚನವಾಯಿತು. 1984ರಲ್ಲಿ ಬ್ರಾಡ್‌ವೇ ಏರಿತು.

ನಾವೋ, ಕೈಲಾಸಂ ನಾಟಕಗಳನ್ನೇ ಮತ್ತೆ ಮತ್ತೆ ಆಡುತ್ತೇವೆ (ಸೋಲುವುದಿಲ್ಲವೆಂಬ ಧೈರ್ಯ!). ನಮ್ಮ ಸದಸ್ಯರು ಇಲ್ಲೇ ಕೂತು ಬರೆದದ್ದು ಹಾಲ್ ಬಾಡಿಗೆಯ ಲೆಕ್ಕದಲ್ಲೇ ನಿಂತುಬಿಡುತ್ತದೆ. ವಾಚನಕ್ಕಾದರೆ ಯಾರದಾದರೂ ಮನೆಯ ಬೇಸ್‌ಮೆಂಟು, ಆರೇಳು ಕುರ್ಚಿ, ಜೆರಾಕ್ಸ್ ಪ್ರತಿಗಳು ಸಾಕು. ಮುಗಿದೊಡನೆ 'ಚೆನ್ನಾಗಿತ್ತು' ಎಂದು ಊಟಕ್ಕೆ ಏಳುವ ಅಭ್ಯಾಸವೊಂದನ್ನು ಮಾತ್ರ ಬಿಡಬೇಕು.