ಗಂಟೆ 5.90ಕ್ಕೆ ಭರತ!

ಐವತ್ತು ದಾಟಿದ ಮೇಲೆ ಮನುಷ್ಯ ಹೊಸತೊಂದನ್ನು ಕಲಿಯಲು ಹೊರಟರೆ ಮನೆಯವರು ಮೊದಲು ನಗುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ನಮ್ಮ ಮನೆಯಲ್ಲಿ ನಗು ಸ್ವಲ್ಪ ಹೆಚ್ಚು ದಿನವೇ ಇತ್ತು. ಬಂದ ಫೋಟೊವನ್ನು ಇನ್ನೊಬ್ಬರಿಗೆ ಕಳುಹಿಸಲಿಕ್ಕೂ ಮಗಳನ್ನು ಕೂಗುವ ನಾನು, ಮೊಬೈಲಿಗೆ ಆ್ಯಪ್ ತಯಾರಿಸುತ್ತೇನೆಂದು ಹೇಳಿಬಿಟ್ಟಿದ್ದೆ!

ಇದಕ್ಕೆ ಕಾರಣ ಒಂಬತ್ತನೆಯ ತರಗತಿಯ ಒಬ್ಬಳು ಹುಡುಗಿ. ಉಬ್ಬರವಿಳಿತದ ಪಾಠ ಮುಗಿಸುತ್ತ ನಾನು ಎಂದಿನಂತೆ, "ಸಮುದ್ರ ದಿನಕ್ಕೆ ಎರಡು ಬಾರಿ ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಇಂದಿನ ಉಬ್ಬರಕ್ಕಿಂತ ನಾಳೆಯದು 50 ನಿಮಿಷ ತಡ" ಎಂದು ಹೇಳಿ ಸೀಮೆಸುಣ್ಣ ಕೆಳಗಿಟ್ಟೆ. ಅವಳು ಎದ್ದು ನಿಂತಳು. "ಸರ್, ಹಾಗಾದರೆ ನಾಳೆ ಭರತ ಎಷ್ಟು ಹೊತ್ತಿಗೆ ಅಂತ ಮೊಬೈಲೇ ಹೇಳುವ ಹಾಗೆ ನಾವು ಮಾಡಬಹುದಲ್ಲ?"

ಪಣಂಬೂರಿನ ಮಕ್ಕಳಿಗೆ ಇದು ಬರಿಯ ಪುಸ್ತಕದ ಪ್ರಶ್ನೆಯಲ್ಲ. 1974ರಲ್ಲಿ ದೇಶದ ಒಂಬತ್ತನೆಯ ಮಹಾಬಂದರು ಎಂದು ಘೋಷಿತವಾದ ನವಮಂಗಳೂರು ಬಂದರು ಇಲ್ಲೇ ಇದೆ. ಬೈಕಂಪಾಡಿ, ಮೀನಕಳಿಯ, ತಣ್ಣೀರುಬಾವಿಯ ಕಡೆಯ ಎಷ್ಟೋ ಮನೆಗಳಲ್ಲಿ ಭರತ-ಇಳಿತವೆಂದರೆ ಊಟದ ಹೊತ್ತಿನಷ್ಟೇ ಪರಿಚಿತ. ನಾಡದೋಣಿ ಅಳಿವೆ ದಾಟುವುದು, ಕೈರಂಪಣಿ ಎಳೆಯುವುದು ಎಲ್ಲವೂ ನೀರಿನ ಏರಿಳಿತ ನೋಡಿಯೇ. ಅವಳ ಪ್ರಶ್ನೆಗೆ "ಮಾಡೋಣ" ಎಂದುಬಿಟ್ಟೆ. ಹೇಗೆ ಎಂಬುದು ಮಾತ್ರ ನನಗೂ ಗೊತ್ತಿರಲಿಲ್ಲ.

ತುಂಡು ಜೋಡಿಸುವ ಆಟ

ನಾನು ಬಿಎಸ್ಸಿ ಓದುವಾಗ ಗಣಕವನ್ನು ಚಿತ್ರದಲ್ಲಷ್ಟೇ ಕಂಡವನು. ಕ್ರಮವಿಧಿ ಬರೆಯುವುದೆಂದರೆ ಪುಟಗಟ್ಟಲೆ ಅಲ್ಪವಿರಾಮ, ಆವರಣ ಚಿಹ್ನೆಗಳ ಕಾಡು ಎಂಬ ಭಯವಿತ್ತು. ಆ ಭಯ ಹೋಗಲಾಡಿಸಿದ್ದು 'ಆ್ಯಪ್ ಇನ್ವೆಂಟರ್' ಎಂಬ ಉಚಿತ ಸಾಧನ. 2010ರಲ್ಲಿ ಗೂಗಲ್ ಇದನ್ನು ಹೊರತಂದಿತು. ಇದರ ಹಿಂದೆ ಇದ್ದವರು ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಪ್ರಾಧ್ಯಾಪಕ ಹ್ಯಾಲ್ ಏಬಲ್‌ಸನ್. 2012ರಿಂದ ಇದನ್ನು ಎಂಐಟಿಯೇ ನಡೆಸಿಕೊಂಡು ಬರುತ್ತಿದೆ.

ಅಂತರ್ಜಾಲವಿರುವ ಒಂದು ಕಂಪ್ಯೂಟರು, ಒಂದು ಆ್ಯಂಡ್ರಾಯ್ಡ್ ಮೊಬೈಲು, ಒಂದು ಗೂಗಲ್ ಖಾತೆ ಇದ್ದರೆ ಸಾಕು. ಕೆಲಸ ಎರಡು ಭಾಗದಲ್ಲಿ ನಡೆಯುತ್ತದೆ. ಮೊದಲನೆಯದರಲ್ಲಿ ಪರದೆ ಹೇಗಿರಬೇಕೆಂದು ಗುಂಡಿ, ಬರಹ, ಚಿತ್ರಗಳನ್ನು ಎಳೆದು ಇಡುತ್ತೇವೆ. ಎರಡನೆಯದರಲ್ಲಿ ಬಣ್ಣಬಣ್ಣದ ತುಂಡುಗಳನ್ನು ಒಂದಕ್ಕೊಂದು ಕಚ್ಚಿಸುತ್ತೇವೆ. 'ಗುಂಡಿ ಒತ್ತಿದಾಗ' ಎಂಬ ತುಂಡಿನ ಬಾಯಿಗೆ 'ಇದನ್ನು ಮಾಡು' ಎಂಬ ತುಂಡು. ಹೊಂದದ ತುಂಡುಗಳು ಕಚ್ಚಿಕೊಳ್ಳುವುದೇ ಇಲ್ಲ. ತುಂಡುಗಳ ಮೇಲಿನ ಮಾತು ಇಂಗ್ಲಿಷಾದರೂ ಪರದೆಯ ಮೇಲೆ ನಾವು ಬರೆಯುವುದನ್ನು ಕನ್ನಡದಲ್ಲೇ ಬರೆಯಬಹುದು. ನಮ್ಮ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ 'ಭರತ', 'ಇಳಿತ' ಎಂದು ಕುಟ್ಟಿದಾಗ, ನಿಜ ಹೇಳಬೇಕೆಂದರೆ, ನನಗೆ ಸ್ವಲ್ಪ ಹೆಮ್ಮೆಯೇ ಆಯಿತು.

ಮಾಡಿದ್ದನ್ನು ಕೂಡಲೇ ಮೊಬೈಲಿನಲ್ಲಿ ನೋಡಲೂ ಅನುಕೂಲವಿದೆ. ಕಂಪ್ಯೂಟರಿನ ಪರದೆಯಲ್ಲಿ ಮೂಡುವ ಚೌಕುಳಿ ಸಂಕೇತಕ್ಕೆ ಮೊಬೈಲು ಹಿಡಿದರೆ ಆಯಿತು.

ಮೂರು ಸಂಜೆ ಕುಳಿತು ನನ್ನ ಮೊದಲ ಆ್ಯಪ್ ಮುಗಿಸಿದೆ. ಇಂದಿನ ಭರತದ ಸಮಯ ಬರೆದು ಗುಂಡಿ ಒತ್ತಿದರೆ ನಾಳೆಯದನ್ನು ಹೇಳಬೇಕು. ತರಗತಿಯಲ್ಲಿ ಆ ಹುಡುಗಿಯ ಕೈಗೇ ಮೊಬೈಲು ಕೊಟ್ಟೆ. ಅವಳು 5.40 ಎಂದು ಬರೆದು ಒತ್ತಿದಳು. ಉತ್ತರ ಬಂತು: 5.90!

ಇಡೀ ತರಗತಿ ನಕ್ಕಿತು. ನಾನೂ ನಕ್ಕೆ, ಆದರೆ ಕಿವಿ ಬಿಸಿಯಾಗಿತ್ತು. ಅರುವತ್ತು ನಿಮಿಷಕ್ಕೆ ಒಂದು ಗಂಟೆ ಎಂದು ನನಗೆ ಗೊತ್ತು, ಯಂತ್ರಕ್ಕೆ ಯಾರೂ ಹೇಳಿಲ್ಲ. ಅದು 5.40ಕ್ಕೆ 0.50ನ್ನು ದಶಮಾಂಶದಂತೆ ಕೂಡಿತ್ತು. ದಾರಿ ತೋರಿಸಿದವರು ಮಕ್ಕಳೇ: ಎಲ್ಲವನ್ನೂ ಮೊದಲು ನಿಮಿಷ ಮಾಡಿ. 5 ಗಂಟೆ 40 ನಿಮಿಷವೆಂದರೆ 340 ನಿಮಿಷ, 50 ಸೇರಿದರೆ 390. ಅದನ್ನು 60ರಿಂದ ಭಾಗಿಸಿದರೆ ಭಾಗಲಬ್ಧ 6, ಶೇಷ 30. ಅಂದರೆ ಆರೂವರೆ. ಪ್ರಾಥಮಿಕ ಶಾಲೆಯ ಭಾಗಾಕಾರದ ಶೇಷ ಇಷ್ಟು ಉಪಯೋಗಕ್ಕೆ ಬರುತ್ತದೆಂದು ಆವತ್ತು ಎಲ್ಲರಿಗೂ ಗೊತ್ತಾಯಿತು.

ಎರಡು ಬಾರಿಯೇ?

ಎರಡನೆಯ ಪೆಟ್ಟು ಇದಕ್ಕಿಂತ ಜೋರಾಗಿತ್ತು. ಸೋಮವಾರ ರಾತ್ರಿ 11.40ಕ್ಕೆ ಭರತ ಎಂದು ಕೊಟ್ಟರೆ ಮುಂದಿನ ರಾತ್ರಿಯದು 12.30 ಎಂದು ಬಂತು. ಆದರೆ ಮಧ್ಯರಾತ್ರಿ ಕಳೆದರೆ ತಾರೀಕು ಬದಲಾಗುತ್ತದೆ, ಅದು ಬುಧವಾರದ ಲೆಕ್ಕ! ಒಂದು ಭರತದಿಂದ ಇನ್ನೊಂದಕ್ಕೆ ಸರಾಸರಿ 12 ಗಂಟೆ 25 ನಿಮಿಷ. ಹಾಗಾದರೆ ಮಂಗಳವಾರ ಮಧ್ಯಾಹ್ನ 12.05ಕ್ಕೆ ಒಂದೇ ಒಂದು ಭರತ. 'ದಿನಕ್ಕೆ ಎರಡು ಬಾರಿ' ಎಂಬ ಮಾತು ಎಲ್ಲ ದಿನಕ್ಕೂ ಅನ್ವಯಿಸುವುದಿಲ್ಲ. ಎಷ್ಟೋ ವರ್ಷಗಳಿಂದ ಆ ವಾಕ್ಯವನ್ನು ಹೇಳುತ್ತ ಬಂದಿದ್ದೆ. ಮಕ್ಕಳು ಪರೀಕ್ಷೆಯಲ್ಲಿ ಬರೆದಿದ್ದರು, ನಾನು ಅಂಕ ಕೊಟ್ಟಿದ್ದೆ. ಮನುಷ್ಯರ ನಡುವೆ ನುಸುಳಿಕೊಂಡು ಹೋಗಿದ್ದ ಮಾತು ಯಂತ್ರದ ಮುಂದೆ ಸಿಕ್ಕಿಬಿತ್ತು.

ಅಷ್ಟಕ್ಕೂ ಈ 50 ನಿಮಿಷ ಬಂದದ್ದೆಲ್ಲಿಂದ? ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರ ತನ್ನ ದಾರಿಯಲ್ಲಿ ಸ್ವಲ್ಪ ಮುಂದೆ ಹೋಗಿರುತ್ತಾನೆ. ನಮ್ಮ ಊರು ಮತ್ತೆ ಅವನೆದುರು ಬರಲು ಆ ಹೆಚ್ಚಿನ ಸಮಯ ಬೇಕು. ಆದರೆ ಅದೂ ಸರಾಸರಿಯೇ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಈ ತಡ ಕಡಿಮೆ, ಅಷ್ಟಮಿಯ ಹೊತ್ತಿಗೆ ಹೆಚ್ಚು. ಇಂದಿನ ಸಮಯ ಕೊಟ್ಟು ಮುಂದಿನ ವಾರದ್ದನ್ನು ಕೇಳಿದರೆ ನನ್ನ ಆ್ಯಪ್ ಎಡವುವುದು ಖಂಡಿತ.

ಆ ದಿನಗಳಲ್ಲೇ ನೆರೆಮನೆಯ ಹಿರಿಯರು ಜಗಲಿಗೆ ಬಂದರು. ಬದುಕಿನುದ್ದಕ್ಕೂ ದೋಣಿಗೆ ಹೋದವರು, ಈಗ ಮಗ ಹೋಗುತ್ತಾನೆ. ಮೊಬೈಲನ್ನು ದೂರ ಹಿಡಿದು ನೋಡಿ ತುಳುವಿನಲ್ಲಿ ಕೇಳಿದರು: "ಮಾಷ್ಟ್ರೇ, ಇದನ್ನು ನಂಬಿ ಮಗನನ್ನು ಅಳಿವೆಗೆ ಕಳುಹಿಸಬಹುದಾ?"

ನನ್ನ ಬಾಯಿ ಕಟ್ಟಿತು. ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಹೋಗುತ್ತದೆ. ಇಲ್ಲಿ ಹೋಗುವುದು ಅಂಕವಲ್ಲ. "ಬೇಡ ಅಣ್ಣ" ಎಂದೆ. ಅವರು ತಲೆಯಾಡಿಸಿ, "ನೀರು ಮಾತ್ರ ನೋಡಿದರೆ ಸಾಲದು, ಗಾಳಿಯನ್ನೂ ನೋಡಬೇಕು" ಎಂದು ಹೇಳಿ ಹೋದರು. ಗಾಳಿಗೆ ನನ್ನ ಆ್ಯಪ್‌ನಲ್ಲಿ ಒಂದು ತುಂಡೂ ಇರಲಿಲ್ಲ.

ಹಳೆಯ ಯಂತ್ರ, ಹೊಸ ಪಟ್ಟಿ

ಆಮೇಲೆ ಹುಡುಕಿ ಓದಿದೆ. ಈ ಲೆಕ್ಕಕ್ಕಾಗಿ 1872ರಲ್ಲೇ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಜ್ಞಾನಿ, ಗಾಲಿ ಮತ್ತು ರಾಟೆಗಳ ಯಂತ್ರವೊಂದನ್ನು ಯೋಜಿಸಿದ್ದರು. ಭಾರತದ ಬಂದರುಗಳಿಗಾಗಿಯೇ 1879ರಲ್ಲಿ ಇಂಗ್ಲೆಂಡಿನಲ್ಲಿ ಇನ್ನೊಂದು ಯಂತ್ರ ತಯಾರಾಯಿತು. ಸೂರ್ಯ, ಚಂದ್ರರ ಒಂದೊಂದು ಪ್ರಭಾವಕ್ಕೆ ಒಂದೊಂದು ರಾಟೆ. ಎಲ್ಲವನ್ನೂ ಒಂದು ತಂತಿ ಕೂಡಿಸುತ್ತಿತ್ತು. ನಾನು ಒಂದೇ ರಾಟೆಯಲ್ಲಿ ಸಮುದ್ರವನ್ನು ಅಳೆಯಲು ಹೊರಟಿದ್ದೆ.

ಈಗ ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿವರ್ಷ ಭರತ-ಇಳಿತದ ಪಟ್ಟಿ ಪ್ರಕಟಿಸುತ್ತದೆ. ಅಲೆ, ಗಾಳಿಗಳ ಮುನ್ಸೂಚನೆಯನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ನೀಡುತ್ತದೆ. ನನ್ನ ಆ್ಯಪ್ ಈಗ ಎರಡು ಸಾಲು ತೋರಿಸುತ್ತದೆ. ಒಂದರಲ್ಲಿ ನಮ್ಮ 50 ನಿಮಿಷದ ಲೆಕ್ಕ, ಇನ್ನೊಂದರಲ್ಲಿ ಮಕ್ಕಳು ಪಟ್ಟಿ ನೋಡಿ ತುಂಬಿಸಿದ ಸಮಯ. ಎರಡರ ನಡುವಿನ ವ್ಯತ್ಯಾಸವನ್ನು ಅವರು ತಿಥಿಯ ಜೊತೆಗೆ ಪುಸ್ತಕದಲ್ಲಿ ಬರೆಯುತ್ತಾರೆ. ಕೆಳಗೆ ಕೆಂಪಕ್ಷರ: 'ಇದು ಪಾಠಕ್ಕೆ ಮಾತ್ರ. ಕಡಲಿಗೆ ಇಳಿಯಲು ಅಲ್ಲ.' ಪ್ಲೇ ಸ್ಟೋರ್‌ಗೆ ಏರಿಸಲು ಒಮ್ಮೆ 25 ಡಾಲರ್ ಕಟ್ಟಬೇಕು. ಕಟ್ಟಿಲ್ಲ, ಕಟ್ಟುವ ಯೋಚನೆಯೂ ಇಲ್ಲ.

ಹೊಸದಾಗಿ ಕಲಿಯುವವರಿಗೆ ನಾನು ಹೇಳಬಹುದಾದದ್ದು ಇಷ್ಟೆ. ಊರಿಗೆಲ್ಲ ಬೇಕಾಗುವ ದೊಡ್ಡ ಆ್ಯಪ್ ಬೇಡ. ನಿಮಗೆ ಚೆನ್ನಾಗಿ ಗೊತ್ತಿದೆ ಎಂದುಕೊಂಡಿರುವ ಒಂದು ಚಿಕ್ಕ ವಿಷಯ ಆರಿಸಿ. ಎಷ್ಟು ಗೊತ್ತಿದೆ ಎಂಬುದನ್ನು ಅದೇ ಹೇಳುತ್ತದೆ. ತಯಾರಾದದ್ದನ್ನು ಅದರ ಕಷ್ಟ ತಿಳಿದವರ ಕೈಗೆ ಮೊದಲು ಕೊಡಿ.

ಈ ವರ್ಷ ಅದೇ ಪಾಠ ಬಂದಾಗ ಕಪ್ಪುಹಲಗೆಯ ಮೇಲೆ 'ದಿನಕ್ಕೆ ಎರಡು ಬಾರಿ' ಎಂದು ಬರೆದು, ಹಿಂದೆ 'ಸಾಮಾನ್ಯವಾಗಿ' ಎಂದು ಸೇರಿಸಿದೆ. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ, "ಯಾಕೆ ಸರ್, ಸಾಮಾನ್ಯವಾಗಿ?"

ಮೊಬೈಲನ್ನು ಅವನ ಕೈಗೆ ಕೊಟ್ಟೆ.