ರಸ್ತೆ ಯಾರ ಸ್ವತ್ತು?

ಹೊಳೆನರಸೀಪುರದಲ್ಲಿ ಲಕ್ಷ್ಮೀನರಸಿಂಹಸ್ವಾಮಿಯ ತೇರು ಹೊರಟಾಗ ಬೀದಿ ಜನರದ್ದಾಗುತ್ತದೆ. ವಾಹನಗಳು ನಿಂತದ್ದನ್ನು ಊರು ತೊಂದರೆಯೆಂದು ಎಣಿಸುವುದಿಲ್ಲ. ಬೆಂಗಳೂರಿನ ಕುಮಾರಕೃಪಾ ರಸ್ತೆಯೂ ಚಿತ್ರಕಲಾ ಪರಿಷತ್ತು 2003ರಲ್ಲಿ ಆರಂಭಿಸಿದ ಚಿತ್ರಸಂತೆಯ ದಿನ ಕಲಾವಿದರಿಗೆ ಮೀಸಲು. ಆದರೆ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ ವಾರಾಂತ್ಯಗಳಂದು ಜಾರಿಯಲ್ಲಿದ್ದ ವಾಹನ ನಿಷೇಧ ಕೆಲವೇ ತಿಂಗಳಲ್ಲಿ ಮುಗಿಯಿತು. ಪ್ರಾಯೋಗಿಕ ಯೋಜನೆಗೆ ಅವಧಿಯಿರುತ್ತದೆ. ತೇರಿಗೆ ಊರೇ ವಾರಸುದಾರ.

ಕೊಲಂಬಿಯಾದ ಬೊಗೋಟಾ ನಗರದಲ್ಲಿ 1970ರ ದಶಕದಲ್ಲಿ ಆರಂಭವಾದ ಪದ್ಧತಿಯಂತೆ, ಇಂದಿಗೂ ಭಾನುವಾರಗಳಂದು ನೂರಕ್ಕೂ ಹೆಚ್ಚು ಕಿಲೋಮೀಟರ್ ರಸ್ತೆ ಪಾದಚಾರಿಗಳಿಗೆ, ಸೈಕಲ್ ಸವಾರರಿಗೆ ತೆರೆದಿರುತ್ತದೆ. ಹಾಸನದಂತಹ ನಗರಗಳೂ ತಿಂಗಳಿಗೊಂದು ಭಾನುವಾರ ಒಂದು ಬೀದಿಯನ್ನಾದರೂ ಹೀಗೆ ಬಿಟ್ಟುಕೊಡಲಿ. ಅದರ ಹೊಣೆಯನ್ನು ಅಲ್ಲಿನ ನಿವಾಸಿಗಳು, ವರ್ತಕರು ಹೊರಲಿ. ಸಾರ್ವಜನಿಕ ಹಣದಿಂದ ನಿರ್ಮಿಸಿದ ರಸ್ತೆಯಲ್ಲಿ ಕಾರಿಲ್ಲದವರಿಗೂ ಪಾಲಿದೆ.