ಲಿಲ್ಲಿ ಗಿಡಗಳ ಎಲೆ ಕಂದುವುದು: ಕಾರಣವೂ ಪರಿಹಾರವೂ

ಬೆಂಗಳೂರು ದಂಡಿನ ಪ್ರದೇಶದ ಹಳೆಯ ಬಂಗಲೆಗಳಲ್ಲಿಯೂ, ಹಲಸೂರು, ಇಂದಿರಾನಗರಗಳ ಮನೆಯಂಗಳಗಳಲ್ಲಿಯೂ ಕೆಂಪು ಲಿಲ್ಲಿಯನ್ನು ಬೆಳೆಸುವವರು ಬಹುಮಂದಿ. ಸಸ್ಯಶಾಸ್ತ್ರಜ್ಞರು ಇದನ್ನು ಹಿಪಿಯಾಸ್ಟ್ರಮ್ ಎಂದು ಕರೆಯುವರು. ಇದರ ಎಲೆಗಳು ಕಂದಿದೊಡನೆ ನೀರು ಸಾಲದೆಂದು ಬಗೆದು ಎರಡು ಹೊತ್ತೂ ನೀರು ಹೊಯ್ಯುವುದು ಸಾಮಾನ್ಯವಾದ ತಪ್ಪು.

ಕಳೆದ ಮಳೆಗಾಲದಲ್ಲಿ ಹಲಸೂರಿನ ವೃದ್ಧೆಯೊಬ್ಬರು, ತಮ್ಮ ತಾಯಿಯವರು ನೆಟ್ಟ ಪಾತಿಯನ್ನು ಕಿತ್ತುಹಾಕಬೇಕೇ ಎಂದು ಕೇಳಿದರು. ನಾನು ಎಲೆಗಳನ್ನು ಮಾತ್ರ ನೋಡಿ ಔಷಧ ಸಿಂಪಡಿಸಲು ಹೇಳಿಬಂದೆನು. ಮೂರು ವಾರವಾದರೂ ಗುಣ ಕಾಣಲಿಲ್ಲ. ಮರಳಿ ಹೋಗಿ ಅಗೆದು ನೋಡಲಾಗಿ, ನೀರು ನಿಂತು ಬೇರುಗಳು ಕೊಳೆತು, 8 ಗೆಡ್ಡೆಗಳು ಮೆತ್ತಗಾಗಿದ್ದುವು. ಮೊದಲ ದಿನವೇ ಅಗೆದಿದ್ದರೆ ಕೆಲವಾದರೂ ಉಳಿಯುತ್ತಿದ್ದುವು. ಗಟ್ಟಿಯಾಗಿದ್ದ 14 ಗೆಡ್ಡೆಗಳನ್ನು ಮರಳು ಬೆರೆಸಿದ ಎತ್ತರದ ಮಡಿಯಲ್ಲಿ, ಕತ್ತು ಹೊರಗಿರುವಂತೆ ನೆಡಿಸಿದೆನು. ಆದಕಾರಣ ಔಷಧಕ್ಕೆ ಮೊದಲು ಕಾರಣವನ್ನು ಗುರುತಿಸತಕ್ಕದ್ದು.

ಹೊರಗಣ ಹಳೆಯ ಎಲೆಗಳು ಮಾತ್ರ ಹಳದಿಯಾಗಿ ಒಣಗಿದರೆ ಅದು ಸ್ವಾಭಾವಿಕ. ತುದಿಯೂ ಅಂಚೂ ಸುಟ್ಟಂತಿದ್ದರೆ ಬಿಸಿಲಿನ ಝಳ, ಅತಿಯಾದ ಗೊಬ್ಬರ ಇಲ್ಲವೆ ಉಪ್ಪುನೀರು ಕಾರಣವಾಗಿರಬಹುದು. ಎಲೆ, ಹೂದಂಡುಗಳ ಮೇಲೆ ಕೆಂಪು ಚುಕ್ಕೆ, ಗೀರುಗಳೆದ್ದು ಅಲ್ಲಿಯೇ ಎಲೆ ಬಾಗಿದರೆ ಅದು ಸ್ಟಾಗೊನೊಸ್ಪೊರ ಎಂಬ ಶಿಲೀಂಧ್ರದ ರೋಗ. ಸಿಡಿಯುವ ನೀರಿನಿಂದ ಇದು ಹರಡುವುದು. ಕಪ್ಪು ಮೈಯ ಮೇಲೆ ಬಿಳಿ ಚುಕ್ಕೆಗಳುಳ್ಳ ಹುಳುಗಳು ಎಲೆಯನ್ನು ಕೊರೆಯುತ್ತಿದ್ದರೆ ಅವು ಲಿಲ್ಲಿ ಪತಂಗದ ಮರಿಗಳು. ಅವನ್ನು ಕೈಯಿಂದ ಆರಿಸಿ ಸಾಬೂನುನೀರಿಗೆ ಹಾಕಿದರೆ ಸಾಕು.

ಶಿಲೀಂಧ್ರದ ರೋಗವಾದರೆ ರೋಗದ ಎಲೆಗಳನ್ನು ಕತ್ತರಿಸಿ ಆಳವಾಗಿ ಹೂಳಬೇಕು. ದನಗಳಿಗೆ ಹಾಕಕೂಡದು; ಈ ಗಿಡ ವಿಷಯುಕ್ತವಾದುದು. ನೀರನ್ನು ಎಲೆಯ ಮೇಲೆ ಸುರಿಯದೆ ಬುಡಕ್ಕೆ, ಬೆಳಗಿನ ಹೊತ್ತು ಕೊಡಬೇಕು. ಬಳಿಕ, ಕೋಲ್ಮನ್ನರು ಮೈಸೂರು ಸೀಮೆಯಲ್ಲಿ ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದ ಬೋರ್ಡೋ ದ್ರಾವಣವನ್ನೇ ಸಿಂಪಡಿಸಬಹುದು. 10 ಗ್ರಾಂ ಮೈಲುತುತ್ತವನ್ನೂ 10 ಗ್ರಾಂ ಹೊಸ ಸುಣ್ಣವನ್ನೂ ಬೇರೆಬೇರೆಯಾಗಿ ಅರ್ಧರ್ಧ ಲೀಟರು ನೀರಿನಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಹೊಯ್ಯಬೇಕು. ಮಣ್ಣಿನ ಇಲ್ಲವೆ ಪ್ಲಾಸ್ಟಿಕ್ ಪಾತ್ರೆಯೇ ಆಗಬೇಕು, ಕಬ್ಬಿಣದ್ದು ಸಲ್ಲದು. ಉಜ್ಜಿದ ಚಾಕುವನ್ನು ಅದ್ದಿದಾಗ ಕೆಂಪು ಲೇಪ ಹಿಡಿದರೆ ಇನ್ನಷ್ಟು ಸುಣ್ಣ ಸೇರಿಸಬೇಕು. ಮಾಡಿದ ದಿನವೇ ಬಳಸಿ ಮುಗಿಸತಕ್ಕದ್ದು.

ಹಲಸೂರಿನ ಆ ಪಾತಿಯಲ್ಲಿ ಈ ಏಪ್ರಿಲಿನಲ್ಲಿ 9 ಗಿಡಗಳು ಹೂಬಿಟ್ಟುವು. ತೋಟದವರು ಮೊದಲು ಗುದ್ದಲಿಯನ್ನೂ ಆಮೇಲೆ ಪಿಚಕಾರಿಯನ್ನೂ ಕೈಗೆ ತೆಗೆದುಕೊಳ್ಳುವರೆಂದು ನಂಬುವೆನು.